ಹಳೆಯ ಲ್ಯಾಪ್‌ಟಾಪು ಮತ್ತು ಕಾಣದ ಅಲೆಗಳು

ಪೀಣ್ಯದ ಬಾಡಿಗೆ ಮನೆಯೊಂದರಲ್ಲಿ, ಅಣ್ಣ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪಿನ ಮುಂದೆ ಕುಳಿತ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಆತನ ಫೋನಿಗೆ ವೈಫೈ ಚೆನ್ನಾಗಿ ದೊರೆಯುತ್ತದೆ. ಲ್ಯಾಪ್‌ಟಾಪಿಗೆ ಮಾತ್ರ ಪದೇ ಪದೇ ಕಡಿದುಹೋಗುತ್ತದೆ. ಯಂತ್ರ ಕೆಟ್ಟಿತೆಂದು ಹೊಸದನ್ನು ಕೊಳ್ಳಬೇಕೆ? ಅವಸರ ಬೇಡ, ಮೊದಲು ಕಾರಣವನ್ನು ಅರಿಯೋಣ.

ಹಳೆಯ ಲ್ಯಾಪ್‌ಟಾಪುಗಳಲ್ಲಿ ಅನೇಕವು 2.4 ಗಿಗಾಹರ್ಟ್ಸ್ ಪಟ್ಟಿಯ ಅಲೆಗಳನ್ನು ಮಾತ್ರ ಗ್ರಹಿಸಬಲ್ಲವು. ಇಂದಿನ ಬಹುತೇಕ ಫೋನುಗಳಿಗೆ 5 ಗಿಗಾಹರ್ಟ್ಸ್ ಪಟ್ಟಿಯೂ ತೆರೆದಿದೆ. ಭಾರತದಲ್ಲಿ 2005ರಲ್ಲಿ ಪರವಾನಗಿಯಿಂದ ಮುಕ್ತವಾದ 2.4ರ ಪಟ್ಟಿಯು ಈಗ ಸಂತೆಯಂತೆ ಕಿಕ್ಕಿರಿದಿದೆ. ನೆರೆಮನೆಗಳ ರೂಟರು, ಬ್ಲೂಟೂತ್, ಮೈಕ್ರೋವೇವ್ ಒಲೆ, ಎಲ್ಲವೂ ಅಲ್ಲಿಯೇ. ಅದರ 13 ಚಾನೆಲುಗಳ ನಡುವಣ ಅಂತರ 5 ಮೆಗಾಹರ್ಟ್ಸ್. ಒಂದೊಂದು ಪ್ರಸಾರದ ಅಗಲವಾದರೋ ಸುಮಾರು 20 ಮೆಗಾಹರ್ಟ್ಸ್. ಆದುದರಿಂದಲೇ ಒಂದನ್ನೊಂದು ತುಳಿಯದಂತೆ ಬಳಸಲು ಸಾಮಾನ್ಯವಾಗಿ 1, 6, 11ನೆಯ ಚಾನೆಲುಗಳನ್ನು ಆರಿಸುತ್ತಾರೆ. ಸಾಲದುದಕ್ಕೆ, ಕಾರ್ಖಾನೆಗಳ ತಗಡಿನ ಗೋಡೆಗಳು ಅಲೆಗಳನ್ನು ಪ್ರತಿಫಲಿಸಿ ತಡೆಯುತ್ತವೆ.

ಈಗ ಪರೀಕ್ಷಿಸೋಣ. ಲ್ಯಾಪ್‌ಟಾಪನ್ನು ರೂಟರಿನ ಬಳಿಗೆ ಒಯ್ಯಬೇಕು. ಅಲ್ಲಿ ಸರಿಹೋದರೆ ದೋಷವು ಯಂತ್ರದ್ದಲ್ಲ, ದಾರಿಯದು. ರೂಟರನ್ನು ಎತ್ತರದಲ್ಲಿಟ್ಟು, ಆ ಮೂರರಲ್ಲಿ ನೆರೆಯವರು ಕಡಮೆ ಬಳಸುವ ಚಾನೆಲಿಗೆ ಬದಲಾಯಿಸಿ ನೋಡೋಣ. ಬಳಿಯಲ್ಲಿಯೂ ಸೇರದಿದ್ದರೆ, ರೂಟರು 2018ರಲ್ಲಿ ಬಂದ ಡಬ್ಲ್ಯುಪಿಎ3 ರಕ್ಷಣೆಯೊಂದನ್ನೇ ಕೇಳುತ್ತಿರಬಹುದು. ಡಬ್ಲ್ಯುಪಿಎ2ಕ್ಕೂ ಅವಕಾಶ ಕೊಡಬೇಕು. ಬಳಿಕ ಲ್ಯಾಪ್‌ಟಾಪಿನ ವೈಫೈ ಡ್ರೈವರನ್ನು ಹೊಸದಾಗಿ ಅಳವಡಿಸಬೇಕು. ಅದೂ ಫಲಿಸದಿದ್ದರೆ, 5 ಗಿಗಾಹರ್ಟ್ಸನ್ನೂ ಗ್ರಹಿಸುವ ಪುಟ್ಟ ಯುಎಸ್‌ಬಿ ಅಡಾಪ್ಟರು ಸಾಕಾದೀತು.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದನ್ನು ಮರೆಯದಿರೋಣ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ನೀಗಬಹುದು. ಅದರ ಕಾರಣ ಮಾತ್ರ ತಿಳಿಯದು.