ನೇತ್ರದಾನ: ಕಣ್ಣನ್ನು ಪಡೆಯುವ ವಿಧಾನ

ನೇತ್ರದಾನವು ಶ್ರೇಷ್ಠವೆಂದು ಒಪ್ಪುವವರೂ ಮನೆಯಲ್ಲಿ ಸಾವು ಸಂಭವಿಸಿದ ಗಳಿಗೆಯಲ್ಲಿ ಹಿಂಜರಿಯುವುದುಂಟು. ಕಣ್ಣನ್ನು ತೆಗೆದರೆ ಮೃತರ ಮುಖ ವಿಕಾರಗೊಳ್ಳುವುದೆಂಬ ಭಯ ಇದಕ್ಕೊಂದು ಕಾರಣ. ಶಸ್ತ್ರಕ್ರಿಯೆಯ ವಿಧಾನವನ್ನು ಅರಿತರೆ ಈ ಭಯಕ್ಕೆ ಆಧಾರವಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಮರಣಾನಂತರ ಸಾಮಾನ್ಯವಾಗಿ 6 ಗಂಟೆಗಳೊಳಗೆ ಕಣ್ಣನ್ನು ಪಡೆಯಬೇಕು. ಆದುದರಿಂದ ನೇತ್ರ ಬ್ಯಾಂಕಿಗೆ ಕೂಡಲೇ ತಿಳಿಸುವುದು ಅವಶ್ಯ. ಬ್ಯಾಂಕಿನ ತಂಡವು ಮನೆಗೇ ಬರುತ್ತದೆ. ಅಲ್ಲಿಯವರೆಗೆ ಮೃತರ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯನ್ನಿರಿಸಿ, ಫ್ಯಾನನ್ನು ನಿಲ್ಲಿಸಿ, ತಲೆಯ ಕೆಳಗೆ ದಿಂಬನ್ನಿಡಬೇಕು.

ಬಳಸುವ ಉಪಕರಣಗಳು ಕೆಲವೇ, ಅವೆಲ್ಲವೂ ಕ್ರಿಮಿಶುದ್ಧಗೊಳಿಸಿದವು. ಸ್ಪೆಕ್ಯುಲಮ್ ಎಂಬ ಸಾಧನವು ರೆಪ್ಪೆಗಳನ್ನು ಅಗಲಿಸಿ ಹಿಡಿಯುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೇ ಕಾರ್ನಿಯಾ. ಅದರ ಸುತ್ತಲಿನ ತೆಳುಪೊರೆಯನ್ನು ಸಣ್ಣ ಕತ್ತರಿಯಿಂದ ಬಿಡಿಸಲಾಗುತ್ತದೆ. ಗುಡ್ಡೆಯನ್ನು ಹಿಡಿದಿರುವ ಸ್ನಾಯುಗಳನ್ನು ಕೊಕ್ಕೆಯಿಂದೆತ್ತಿ ಒಂದೊಂದಾಗಿ ಕತ್ತರಿಸಿದ ಬಳಿಕ, ಬಾಗಿದ ಕತ್ತರಿಯನ್ನು ಹಿಂಬದಿಗೆ ಸರಿಸಿ, ದೃಷ್ಟಿನರವನ್ನು ತುಂಡರಿಸಿ ಗುಡ್ಡೆಯನ್ನು ಹೊರತೆಗೆಯುತ್ತಾರೆ. ರೆಪ್ಪೆಯನ್ನಾಗಲಿ ಮುಖದ ಚರ್ಮವನ್ನಾಗಲಿ ಕತ್ತರಿಸುವುದಿಲ್ಲ. ಕುಳಿಯಲ್ಲಿ ಹತ್ತಿಯನ್ನೂ ಅದರ ಮೇಲೆ ಪ್ಲಾಸ್ಟಿಕ್ ಕವಚವನ್ನೂ ಇಟ್ಟು ರೆಪ್ಪೆಗಳನ್ನು ಮುಚ್ಚುವುದರಿಂದ ಮೃತರು ನಿದ್ರಿಸುತ್ತಿರುವಂತೆಯೇ ಕಾಣುತ್ತಾರೆ. ಇದಕ್ಕೆ ಹಿಡಿಯುವ ಕಾಲ ಸುಮಾರು 15ರಿಂದ 20 ನಿಮಿಷ, ಅಂತ್ಯಕ್ರಿಯೆಗೆ ವಿಳಂಬವಾಗದು.

ಗುಡ್ಡೆಯನ್ನು ಸ್ವಸ್ಥಾನದಲ್ಲಿಯೇ ಬಿಟ್ಟು, ಬಿಳಿಭಾಗದ ಕಿರಿದಾದ ಅಂಚಿನೊಡನೆ ಕಾರ್ನಿಯಾವನ್ನಷ್ಟೇ ತೆಗೆಯುವ ವಿಧಾನವೂ ಬಳಕೆಯಲ್ಲಿದೆ. ಹೀಗೆ ತೆಗೆದ ಕಾರ್ನಿಯಾವನ್ನು ಸಂರಕ್ಷಕ ದ್ರವದಲ್ಲಿಯೂ, ಇಡಿಯ ಗುಡ್ಡೆಯನ್ನು ತೇವಾಂಶವುಳ್ಳ ಸೀಸೆಯಲ್ಲಿಯೂ ಇರಿಸಿ ತಂಪಿನ ಪೆಟ್ಟಿಗೆಯಲ್ಲಿ ಒಯ್ಯುತ್ತಾರೆ. ಎಚ್‌.ಐ.ವಿ., ಕಾಮಾಲೆಯ ವೈರಸ್ ಮೊದಲಾದ ಸೋಂಕುಗಳ ಪರೀಕ್ಷೆಗಾಗಿ ಮೃತರ ಸ್ವಲ್ಪ ರಕ್ತವನ್ನೂ ಪಡೆಯಲಾಗುತ್ತದೆ.

ದಾನಿಯ ಕಣ್ಣಿನಿಂದ ಮುಖ್ಯವಾಗಿ ಕಸಿ ಮಾಡುವುದು ಕಾರ್ನಿಯಾವನ್ನು. 1905ರಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಮಾನವ ಕಾರ್ನಿಯಾದ ಕಸಿಯನ್ನು ಮೊದಲ ಬಾರಿಗೆ ಯಶಸ್ವಿಯಾಗಿ ನೆರವೇರಿಸಿದರು. ಕಾರ್ನಿಯಾ ಮಸುಕಾಗಿ ದೃಷ್ಟಿ ಕಳೆದುಕೊಂಡವರಿಗೆ ಇದು ನೆರವಾಗುತ್ತದೆ; ಅಂಧತ್ವದ ಇತರ ಕಾರಣಗಳಿಗೆ ಇದು ಪರಿಹಾರವಲ್ಲ. ದಾನಿಯು ಕನ್ನಡಕ ಧರಿಸುತ್ತಿದ್ದುದಾಗಲಿ, ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದುದಾಗಲಿ ದಾನಕ್ಕೆ ಅಡ್ಡಿಯಲ್ಲ. ರೇಬೀಸ್, ಏಡ್ಸ್ ಮುಂತಾದ ರೋಗಗಳಿಂದ ಮೃತರಾದವರ ಕಣ್ಣನ್ನು ಕಸಿಗೆ ಬಳಸುವುದಿಲ್ಲ.

ವರನಟ ಡಾ. ರಾಜ್‌ಕುಮಾರ್ 2006ರಲ್ಲಿ ನಿಧನರಾದಾಗ ಅವರ ನೇತ್ರಗಳನ್ನು ದಾನ ಮಾಡಲಾಯಿತು. ಮೃತರು ಪ್ರತಿಜ್ಞಾಪತ್ರಕ್ಕೆ ಸಹಿ ಮಾಡಿರದಿದ್ದರೂ, ಅವರ ವಿರೋಧವಿರದಿದ್ದಲ್ಲಿ ಸಮೀಪದ ಬಂಧುಗಳು ಸಮ್ಮತಿ ನೀಡಬಹುದು. ಸಕಾಲದಲ್ಲಿ ದೊರೆತ ಆ ಸಮ್ಮತಿಯಿಂದ ಇಬ್ಬರ ಬಾಳಿನಲ್ಲಿ ಬೆಳಕು ಮೂಡಬಲ್ಲುದು.