ನಿಮಗಿದು ಗೊತ್ತೆ? ಬಿಳಿ ಪೇಂಟಿನ ಪುಡಿಯಿಂದಲೂ ಸೌರ ವಿದ್ಯುತ್

ಬಿಳಿ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡನ್ನೇ ನ್ಯಾನೊ ಕಣಗಳಾಗಿಸಿದರೆ ಸೌರಕೋಶ ಮಾಡಬಹುದು. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಬ್ರಯನ್ ಓ'ರೀಗನ್ ಮತ್ತು ಮೈಕೇಲ್ ಗ್ರೆಟ್ಸೆಲ್ 1991ರಲ್ಲಿ ಇದನ್ನು ತೋರಿಸಿಕೊಟ್ಟರು. ಈ ಪುಡಿ ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದಿಲ್ಲ. ಆ ಕೆಲಸ ಕಣಗಳಿಗೆ ಅಂಟಿಕೊಂಡ ವರ್ಣದ್ರವ್ಯದ್ದು. ನುಣುಪು ಮೇಲ್ಮೈಯಲ್ಲಿ ಒಂದೇ ಅಣುವಿನಷ್ಟು ತೆಳ್ಳಗೆ ಕೂತ ಬಣ್ಣಕ್ಕೆ ಸಿಗುವ ಬೆಳಕು ಅತ್ಯಲ್ಪ. ಅವರ 10 ಮೈಕ್ರೊಮೀಟರ್ ದಪ್ಪದ ಪದರದ ತುಂಬ ರಂಧ್ರಗಳಿದ್ದುದರಿಂದ ಬಣ್ಣ ಕೂರುವ ಮೈ ಸುಮಾರು 780 ಪಟ್ಟು ಹಿಗ್ಗಿತು, ದಕ್ಷತೆ ಶೇ 7 ದಾಟಿತು. ಸಾಧಾರಣ ವಸ್ತುವಿಗೆ ಈ ಶಕ್ತಿ ತಂದುಕೊಟ್ಟದ್ದು ಅದರ ರಚನೆಯೇ. ಇದಕ್ಕೆ ಅತಿಶುದ್ಧ ಹರಳಿನ ಹಂಗೂ ಇಲ್ಲ: ಕಣಗಳ ಪೇಸ್ಟನ್ನು ವಾಹಕ ಗಾಜಿನ ಮೇಲೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಳಿದು, ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ಬಣ್ಣದ ದ್ರಾವಣದಲ್ಲಿ ನೆನೆಸುತ್ತಾರೆ.

ಸಿಲಿಕಾನ್ ಫಲಕ ಶೇ 20 ಮೀರಿ, ಅಗ್ಗವೂ ಆಗಿರುವಾಗ ಇದೇಕೆ ಎನ್ನಬಹುದು. ಬಿಸಿಲ ಬಯಲಿನ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದೇ. ಆದರೆ ಕೋಣೆಯ ಮಂದ ಬೆಳಕಿನಲ್ಲಿ ಬಣ್ಣದ ಕೋಶಗಳು ಚೆನ್ನಾಗಿ ದುಡಿಯುತ್ತವೆ. ಸಣ್ಣ ಸೆನ್ಸರ್‌ಗಳಿಗೆ ಅಷ್ಟು ವಿದ್ಯುತ್ ಸಾಕು. ಈ ಕೋಶಗಳಲ್ಲಿ ಬಳಸುವ ರುಥೇನಿಯಂ ಬಣ್ಣ, ಪ್ಲಾಟಿನಂ ವಿದ್ಯುದ್ವಾರ ದುಬಾರಿ ಎಂಬುದೂ ನಿಜ. ಅವುಗಳ ಜಾಗಕ್ಕೆ ಲೋಹವಿಲ್ಲದ ಸಾವಯವ ಬಣ್ಣಗಳು, ಇಂಗಾಲ ಬಂದಿವೆ. ಕೋಶದೊಳಗೆ ವಿದ್ಯುತ್ ಸಾಗಿಸುವ ದ್ರವ ಸೋರದಂತೆ ವರ್ಷಗಟ್ಟಲೆ ಕಾಪಾಡುವುದೇ ಬೆಲೆಗಿಂತ ಕಠಿಣವಾದ ಸವಾಲು.