ಕುರಿಗಾಹಿಯ ಹೆಸರು ಹೊತ್ತ ಪ್ರಧಾನಾಲಯ

ಸಿಂಗಪುರಕ್ಕೆ ಹೋಗಿಬಂದ ನಮ್ಮವರು ಅಲ್ಲಿನ ಅಂಗಡಿಬೀದಿಗಳನ್ನೂ ಗಗನಚುಂಬಿ ಕಟ್ಟಡಗಳನ್ನೂ ಬಾಯ್ತುಂಬ ಬಣ್ಣಿಸುತ್ತಾರೆ. ಆ ದ್ವೀಪನಗರದ ನಟ್ಟನಡುವೆ, ಕ್ವೀನ್ ಸ್ಟ್ರೀಟಿನ ಬದಿಯಲ್ಲಿ ನಿಂತಿರುವ ಬಿಳಿಯ ಪ್ರಧಾನಾಲಯವನ್ನು ಕಂಡು ಬಂದವರು ವಿರಳ. ಭಾನುವಾರದ ಬಲಿಪೂಜೆ ಮುಗಿಸಿ ಒಂದು ಗಂಟೆಯಲ್ಲಿ ಹೊರಡುವ ಎಣಿಕೆಯಿಂದ ನಾವು ಅಲ್ಲಿಗೆ ಹೋದೆವು. ಹೊರಬರುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ನೆತ್ತಿಗೇರಿತ್ತು.

ಇದು ಸಿಂಗಪುರದ ಅತ್ಯಂತ ಹಳೆಯ ಕಥೋಲಿಕ ದೇವಾಲಯ. 1843ರ ಜೂನ್ 18ರಂದು ಅಡಿಗಲ್ಲು ಬಿದ್ದು, 1847ರ ಜೂನ್ 6ರಂದು ಆರಾಧನೆಗೆ ತೆರೆಯಿತು. 1897ರಲ್ಲಿ ವಿಧಿಪೂರ್ವಕವಾಗಿ ಅಭಿಷೇಕಗೊಂಡಿತು. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯದ ಜೋಡಿ ಗೋಪುರಗಳನ್ನು ನೋಡಿ ಬೆಳೆದ ಕಣ್ಣಿಗೆ ಇದರ ದುಂಡುಕಂಬಗಳ ಮುಖಮಂಟಪವೂ ಒಂಟಿ ಶಿಖರವೂ ಸರಳವೆನಿಸುತ್ತವೆ. ಒಳಗೆ 1912ರ ಪೈಪ್ ಆರ್ಗನ್ ಇದೆ. ಎರಡನೆಯ ಮಹಾಯುದ್ಧದಲ್ಲಿ ಇದೇ ಆಲಯ ತುರ್ತು ಆಸ್ಪತ್ರೆಯಾಗಿ ಗಾಯಾಳುಗಳಿಗೆ ಆಸರೆ ಕೊಟ್ಟಿತು. ಬಿರುಕು ಬಿಟ್ಟಿದ್ದ ಗೋಡೆಗಳು ದೀರ್ಘ ಜೀರ್ಣೋದ್ಧಾರ ಕಂಡು, 2016ರ ನವೆಂಬರಿನಲ್ಲಿ ಬಾಗಿಲು ಮತ್ತೆ ತೆರೆಯಿತು.

ಕಟ್ಟಿಸಿದವರು ಪ್ಯಾರಿಸ್ ವಿದೇಶ ಮಿಶನ್ ಸಂಸ್ಥೆಯ ವಂದನೀಯ ಬ್ಯೂರೆಲ್. ಈ ಸಂಸ್ಥೆ ನಮಗೆ ಹೊರಗಿನದೇನಲ್ಲ. ಶ್ರೀರಂಗಪಟ್ಟಣದ ಸುತ್ತಮುತ್ತ ದುಡಿದ, ನಮ್ಮ ಹಿರಿಯರು ದೊಡ್ಡಸ್ವಾಮಿಯವರೆಂದು ಕರೆದ ಅಬ್ಬೆ ದುಬುವಾ ಇದೇ ಸಂಸ್ಥೆಯವರು. 1882ರಲ್ಲಿ ಬೆಂಗಳೂರಿನ ಸಂತ ಜೋಸೆಫರ ಕಾಲೇಜನ್ನು ಆರಂಭಿಸಿದವರೂ ಇದೇ ಬಳಗದ ಗುರುಗಳು.

ಆದರೆ ನಮ್ಮನ್ನು ಅಷ್ಟು ಹೊತ್ತು ಅಲ್ಲಿ ಹಿಡಿದಿಟ್ಟದ್ದು ಕಟ್ಟಡವಲ್ಲ, ಅದರ ಹೆಸರು. ಒಳ್ಳೆಯ ಕುರಿಗಾಹಿಯ ಪ್ರಧಾನಾಲಯ! ಶುಭಸಂದೇಶದಲ್ಲಿ ಯೇಸುಸ್ವಾಮಿ ತಮಗೆ ತಾವೇ ಇಟ್ಟುಕೊಂಡ ಹೆಸರದು. ಅದರಲ್ಲಿ ಹೊಸತೇನು ಎಂದುಕೊಂಡೇ ಒಳಹೊಕ್ಕಿದ್ದೆವು. ಈ ಹೆಸರು ಇಲ್ಲಿಗೆ ಬಂದುದು ಕೊರಿಯದಲ್ಲಿ ಬರೆದ ಒಂದು ಪತ್ರದಿಂದ.

ಅದನ್ನು ಬರೆದವರು ಬಿಷಪ್ ಲಾರೆಂಟ್ ಇಂಬರ್ಟ್. 1821ರಲ್ಲಿ ತರುಣ ಗುರುವಾಗಿ ಪೂರ್ವದೇಶಗಳತ್ತ ಪಯಣಿಸುತ್ತಿದ್ದಾಗ ಅವರು ಸಿಂಗಪುರದಲ್ಲಿ ಇಳಿದಿದ್ದರು. ಈ ದ್ವೀಪದ ಮೊದಲ ಬಲಿಪೂಜೆಯನ್ನು ಅರ್ಪಿಸಿದವರು ಬಹುಶಃ ಅವರೇ ಎನ್ನುತ್ತಾರೆ. ಮುಂದೆ ಕೊರಿಯದ ಬಿಷಪರಾಗಿ ನೇಮಕಗೊಂಡು, 1837ರಲ್ಲಿ ಗುಟ್ಟಾಗಿ ಆ ದೇಶವನ್ನು ಹೊಕ್ಕರು. ಎರಡು ವರ್ಷಗಳಲ್ಲೇ ಕ್ರೈಸ್ತರ ಮೇಲೆ ಘೋರ ಹಿಂಸೆ ಎರಗಿತು. ವಿದೇಶಿ ಗುರುಗಳು ಅಡಗಿರುವವರೆಗೂ ಅವರನ್ನು ಹುಡುಕುವ ನೆಪದಲ್ಲಿ ಭಕ್ತಜನ ನರಳಬೇಕಾಗುತ್ತದೆಂದು ಬಗೆದ ಇಂಬರ್ಟರು ತಾವಾಗಿಯೇ ಶರಣಾದರು. ಅಷ್ಟಕ್ಕೇ ನಿಲ್ಲದೆ, ಅಡಗಿದ್ದ ಇಬ್ಬರು ಗುರುಗಳಾದ ಮೋಬಾಂ ಮತ್ತು ಶಾಸ್ತಾಂ ಅವರಿಗೂ ಪತ್ರ ಕಳಿಸಿದರು: ವಿಪತ್ತಿನ ವೇಳೆ ಕುರಿಗಾಹಿ ಮಂದೆಗಾಗಿ ಪ್ರಾಣ ಕೊಡುತ್ತಾನೆ, ನೀವೂ ಬನ್ನಿ ಎಂಬುದೇ ಅದರ ತಾತ್ಪರ್ಯ. ಇಬ್ಬರೂ ಬಂದರು. 1839ರ ಸೆಪ್ಟೆಂಬರ್ 21ರಂದು ಮೂವರ ಶಿರಚ್ಛೇದವಾಯಿತು.

ತನ್ನ ಪ್ರಾಣ ಕೊಡುವುದು ಒಂದು ಮಾತು, ಇನ್ನಿಬ್ಬರನ್ನು ಸಾವಿಗೆ ಕರೆಯುವುದು ಬೇರೆಯೇ ಮಾತು. ನಮ್ಮೊಡನಿದ್ದ ಕಾಲೇಜು ಹುಡುಗಿ ಇದನ್ನೇ ಎತ್ತಿ ಕೇಳಿದಳು: "ಅವರು ಸತ್ತ ಮೇಲಾದರೂ ಜನ ಉಳಿದರೇ?" ಇಲ್ಲ. ಹಿಂಸೆ ನಿಲ್ಲಲಿಲ್ಲ, 1840ರ ಜನವರಿಯಲ್ಲೂ ಕೊರಿಯದ ಭಕ್ತರು ರಕ್ತಸಾಕ್ಷಿಗಳಾದರು. ಕುರಿಗಾಹಿಗಳನ್ನು ಕೊಂದವರು ಮಂದೆಯನ್ನೂ ಬಿಡಲಿಲ್ಲ. ಬಿಷಪರ ಲೆಕ್ಕಾಚಾರ ತಪ್ಪಿತೆಂದು ಯಾರಾದರೂ ಹೇಳಿದರೆ ನಾವು ಜಗಳಕ್ಕೆ ನಿಲ್ಲುವುದಿಲ್ಲ. 1984ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಸೋಲ್ ನಗರದಲ್ಲಿ ಮೂವರನ್ನೂ, ಅವರೊಡನೆ ನೂರು ಮಂದಿ ಸಂಗಡಿಗರನ್ನೂ ಸಂತರೆಂದು ಸಾರಿದಾಗ ಆ ಲೆಕ್ಕವನ್ನು ಯಾರೂ ಕೇಳಲಿಲ್ಲ ಎಂಬುದಷ್ಟೇ ನಮಗೆ ತಿಳಿದದ್ದು. ಆ ನೂರು ಮಂದಿಯಲ್ಲಿ ಬಹುಪಾಲು ಸಂಸಾರಸ್ಥರು, ವಿಧವೆಯರು, ಕನ್ಯೆಯರು. ಯಾವ ಮಂದೆಗಾಗಿ ಗುರುಗಳು ತಲೆಯೊಡ್ಡಿದರೋ ಆ ಮಂದೆಯವರೇ ಅವರು.

ಪತ್ರ ಬರೆದು ನಾಲ್ಕೇ ವರ್ಷಕ್ಕೆ ಇಲ್ಲಿ ಅಡಿಗಲ್ಲು ಬಿತ್ತು. ಸಂತ ಇಂಬರ್ಟರ ಪವಿತ್ರ ಅವಶೇಷವನ್ನು ಇದೇ ಆಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಹೊರಡುವ ಮುನ್ನ ನಮ್ಮ ಹುಡುಗಿ ಮೊಂಬತ್ತಿ ಹಚ್ಚಿದಳು. ಬಿಷಪರಿಗೇ ಇರಬೇಕೆಂದು ನಾವು ಬಗೆದಿದ್ದೆವು. ಅಲ್ಲವಂತೆ, ಪತ್ರ ಕೈಸೇರಿದ ಆ ಇಬ್ಬರಿಗೆ.